ಇಸಾಲೆಯ ಗಂಟು

ಮೋರಾ ಅಮ್ಮನ ಎಡಗಾಲಿನ ಬೂಟನ್ನು ತಲೆಕೆಳಗು ಮಾಡಿ ಗೈಡು ಅಮಿನಿಯೇಲ್ ಅದರೊಳಗಿನ ಕಲ್ಲುಪುಡಿಯನ್ನು ಕೊಡವುತ್ತಿದ್ದ. ಪುಡಿ ಸುರಿಯುತ್ತಲೇ ಇತ್ತು. ಕಿಬೋ ಶಿಖರದಿಂದ ಬರಾಫು ಬಿಡಾರದವರೆಗಿನ ಇಳಿಜಾರೆಲ್ಲ ಅಂಥ ಪುಡಿಯೇ. ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಜಾರಿಸುತ್ತದೆ. ಹೊತ್ತು ಹುಟ್ಟುವಾಗ ಶಿಖರದಲ್ಲಿದ್ದವರು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಬಿಸಿಲು ಬಲಿತಿತ್ತು.

"ಅರ್ಧ ಬೆಟ್ಟ ನನ್ನ ಬೂಟಲ್ಲೇ ಇದೆ ನೋಡು, ಅಮಿನಿ," ಎಂದರು ಮೋರಾ ಅಮ್ಮ, ಬಂಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ. "ಹೀಗೇ ಊರಿಗೆ ತಗೊಂಡು ಹೋದ್ರೆ ಕೆಳಗಡೆ ಪಾರ್ಕಿನ ಗೇಟಲ್ಲಿ ಹಿಡ್ಕೊಂಡುಬಿಡ್ತಾರಾ?"

"ಹಿಡಿಯಲ್ಲ ಅಮ್ಮ. ಮುಂದಿನ ವರ್ಷ ವಾಪಸ್ ತಂದು ಸುರೀಬೇಕು, ಅಷ್ಟೇ."

"ಈ ಮಂಡಿ ಇಟ್ಕೊಂಡಾ? ನಿನ್ನ ಬೆಟ್ಟ ನೀನೇ ಇಟ್ಕೋ."

ಐರ್ಲೆಂಡಿನ ಯಾವುದೋ ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹೆಂಗಸು. ಮೂಗಿನ ಮೇಲಿನ ಚರ್ಮ ಬಿಸಿಲಿಗೆ ಸುಲಿದಿತ್ತು, ಬಲಮಂಡಿ ಸೋರೆಬುರುಡೆಯಂತೆ ಊದಿತ್ತು. ಹತ್ತುವಾಗ ಒಂದು ಮಾತೂ ದೂರದೆ ಹತ್ತಿದ್ದರು. ಇಳಿಯುವುದೇ ಕಷ್ಟವೆಂಬುದು ಅಮಿನಿಯೇಲನಿಗೆ ಗೊತ್ತಿತ್ತು. ಹತ್ತುವವರು ಎದೆಯಿಂದ ಹತ್ತುತ್ತಾರೆ. ಇಳಿಯುವವರಿಗೆ ಮಂಡಿಯೇ ಗತಿ.

ಆಗ ಅವನ ಜೇಬಿನಲ್ಲಿ ಫೋನು ನಡುಗಿತು. ಬರಾಫುವಿನ ಈ ಒಂದು ದಿಣ್ಣೆಯಲ್ಲಿ ಮಾತ್ರ ಕೆಳಗಿನ ಊರಿನ ದನಿ ಸಿಗುತ್ತದೆ. ತಂಗಿ ಐಕಾ. ಅವಳು ಯಾವಾಗಲೂ ಕ್ಷೇಮಸಮಾಚಾರವನ್ನೆಲ್ಲ ಕೇಳಿ, ಹಸು ಕರುಗಳನ್ನೂ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುವವಳು. ಇಂದು ಅದೇನನ್ನೂ ಕೇಳಲಿಲ್ಲ.

"ಎಲ್ಲಿದೀಯ ಅಣ್ಣ?"

"ಬರಾಫುನಲ್ಲಿ. ಈಗ ತಾನೇ ಮೇಲಿಂದ ಇಳಿದೆ."

"ಬೇಗ ಬಾ. ಎಲಿಂಗಾಯ ನೀರು ಕೂಡ ನುಂಗ್ತಾ ಇಲ್ಲ. ಪಾದ್ರಿ ಬಂದು ರೊಟ್ಟಿ ದ್ರಾಕ್ಷಾರಸ ತುಟಿಗೆ ಮುಟ್ಟಿಸಿ ಹೋದ್ರು. ಕಣ್ಣು ಮುಚ್ಕೊಂಡೇ ಇರ್ತಾನೆ. ಬಾಗಿಲಲ್ಲಿ ಯಾರ ಹೆಜ್ಜೆ ಸಪ್ಪಳ ಆದ್ರೂ ಬಿಟ್ಟು ನೋಡ್ತಾನೆ. ನೀನಲ್ಲ ಅಂತ ಗೊತ್ತಾದ್ರೆ ಮತ್ತೆ ಮುಚ್ಕೋತಾನೆ."

ಅಮಿನಿಯೇಲ್ ಬೂಟನ್ನು ನೆಲಕ್ಕಿಟ್ಟ.

"ಎಲೆ ನಿನ್ನ ಹತ್ರ ಇದೆ ತಾನೇ?"

"ಇದೆ."

"ಗಂಟು?"

ಅವನ ಕೈ ಎದೆಜೇಬಿಗೆ ಹೋಯಿತು.

"ಅಯ್ಯೋ ದೇವರೇ," ಎಂದಳು ಐಕಾ. "ಇನ್ನೂ ಬಿಚ್ಚಿಲ್ವಾ? ಸರಿ, ಬಾ. ಬಂದು ಅವನ ಕಣ್ಣೆದುರಿಗೇ ಬಿಚ್ಚು. ಇರು, ಫೋನು ಅವನ ಕಿವಿಗೆ ಹಿಡೀತೀನಿ. ಏನಾದ್ರೂ ಹೇಳು."

ಫೋನಿನೊಳಗಿಂದ ಉಸಿರಿನ ಸದ್ದು ಬಂತು. ಒಣಗಿದ ಬಾಳೆಯೆಲೆ ಗಾಳಿಗೆ ಗೋಡೆ ಉಜ್ಜಿದಂಥ ಸದ್ದು. ಹನ್ನೊಂದು ವರ್ಷದಿಂದ ಅಮಿನಿಯೇಲ್ ತನ್ನ ತಮ್ಮನ ದನಿಯನ್ನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು, ಅದು ಚಿಕ್ಕ ಮಾತೇ. ಆದರೆ ಎದುರಿಗೆ ಮೋರಾ ಅಮ್ಮ ಇದ್ದರು, ಹೊರೆಯಾಳುಗಳು ಡೇರೆ ಮಡಚುತ್ತಿದ್ದರು, ಗಾಳಿ ಬೀಸುತ್ತಿತ್ತು.

"ಎಲಿಂಗಾಯ," ಎಂದ. "ಬರ್ತಾ ಇದೀನಿ."

ಅಷ್ಟರಲ್ಲಿ ದನಿ ಕಡಿಯಿತು.

ಎಲೆ ಅವನ ಅಂಗಿಯ ಎದೆಜೇಬಿನಲ್ಲಿ, ಸಣ್ಣ ಪ್ರಾರ್ಥನಾ ಪುಸ್ತಕದ ಬೆನ್ನಿಗೆ ಇತ್ತು. ಇಸಾಲೆ ಅವರ ಬೆಟ್ಟದ ತಪ್ಪಲಿನಲ್ಲಿ ಎಲ್ಲೆಲ್ಲೂ ಬೆಳೆಯುವ ಗಿಡ. ಬಾಳೆತೋಟದ ಎಲ್ಲೆಗೆ ಅದನ್ನೇ ಸಾಲಾಗಿ ನೆಡುತ್ತಾರೆ. ಸತ್ತವರ ತಲೆಯ ದಿಕ್ಕಿಗೂ ಅದನ್ನೇ ನೆಡುತ್ತಾರೆ. ತಪ್ಪು ಮಾಡಿದವನು ಅದರ ಉದ್ದನೆಯ ಹಸಿರು ಎಲೆಗೆ ಒಂದು ಗಂಟು ಹಾಕಿ ಕಳಿಸಿದರೆ ಅದು ಕ್ಷಮೆ ಕೇಳಿದಂತೆ. ಅಂಥ ಎಲೆಯನ್ನು ಬೇಡವೆನ್ನುವ ಹಾಗಿಲ್ಲ. ಅಪ್ಪನ ಕೊಲೆಗಾರ ತಂದರೂ ಬೇಡವೆನ್ನುವ ಹಾಗಿಲ್ಲ. ಪಡೆದವನು ಕಳಿಸಿದವನ ಮುಂದೆ ಕುಳಿತು ಗಂಟು ಬಿಚ್ಚುತ್ತಾನೆ. ಇಬ್ಬರೂ ಒಂದೇ ಬುರುಡೆಯಿಂದ ಬಾಳೆಹಣ್ಣಿನ ಕಳ್ಳು ಕುಡಿಯುತ್ತಾರೆ. ಅಲ್ಲಿಗೆ ಮುಗಿಯಿತು. ಪಾದ್ರಿಗಳು ಬಂದ ಮೇಲೂ ಇದು ಬದಲಾಗಿರಲಿಲ್ಲ.

ಬೆಟ್ಟ ಹತ್ತಲು ಹೊರಟ ದಿನ ಬೆಳಿಗ್ಗೆ ಐಕಾ ರಸ್ತೆಗೆ ಓಡಿಬಂದು, ಹೊರಟ ವ್ಯಾನಿನ ಕಿಟಕಿಯೊಳಗೆ ಕೈ ತೂರಿಸಿ ಎಲೆ ಕೊಟ್ಟಿದ್ದಳು. "ಎಲಿಂಗಾಯ ಕಳಿಸಿದಾನೆ. ಅವನಿಗೆ ಮೈ ಸರಿಯಿಲ್ಲ. ಇಳಿದು ಬಾ ಅಣ್ಣ, ಒಂದು ಗಳಿಗೆಯ ಕೆಲಸ." ಮನೆ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ಅಮಿನಿಯೇಲ್ ಎಲೆಯನ್ನು ತೆಗೆದುಕೊಂಡ. ತೆಗೆದುಕೊಳ್ಳದೆ ಇರುವಂತಿರಲಿಲ್ಲ. ಆದರೆ ಇಳಿಯಲಿಲ್ಲ. "ಅತಿಥಿಗಳು ಕಾಯ್ತಿದಾರೆ. ಬಂದ ಮೇಲೆ ನೋಡೋಣ," ಎಂದ. ವ್ಯಾನು ತಿರುವಿನಲ್ಲಿ ಹೊರಳುವಾಗ ಅವನ ಮನಸ್ಸಿನಲ್ಲಿದ್ದದ್ದು ಬೇರೆ ಮಾತು. ನಾನು ಇಷ್ಟು ವರ್ಷ ಕಾದಿದ್ದೇನೆ. ಅವನು ಒಂದು ವಾರ ಕಾಯಲಿ.

ಹೆಚ್ಚಿನದೇನೂ ಆಗಿರಲಿಲ್ಲ ಅವರಿಬ್ಬರ ನಡುವೆ. ಅಪ್ಪ ತೀರಿಕೊಂಡ ಮೇಲೆ ತೋಟ ಎರಡಾಯಿತು, ನಡುವೆ ಇಸಾಲೆಯ ಸಾಲು ಬಂತು. ಅಮಿನಿಯೇಲ್ ಬೆಟ್ಟದ ಮೇಲಿದ್ದಾಗ ತಮ್ಮ ಆ ಸಾಲನ್ನು ಕಿತ್ತು ಎರಡು ಮಾರು ಈಚೆಗೆ ನೆಟ್ಟ. ಅಮ್ಮ ನೆಟ್ಟ ಬೆಣ್ಣೆಹಣ್ಣಿನ ಮರ ಅವನ ಪಾಲಿಗೆ ಹೋಯಿತು. ಕೇಳಿದ್ದಕ್ಕೆ, "ಸಾಲು ಅಲ್ಲೇ ಇತ್ತು, ನೀನು ಊರಲ್ಲಿ ಇದ್ರೆ ತಾನೇ ಗೊತ್ತಾಗೋದು," ಎಂದ. ಅಷ್ಟೇ. ಅಂದಿನಿಂದ ಮಾತಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ, ನಾವು ಇತರರ ತಪ್ಪನ್ನು ಕ್ಷಮಿಸುವ ಮಾತು ಬರುವ ಕಡೆ ಅಮಿನಿಯೇಲನಿಗೆ ಕೆಮ್ಮು ಬರುತ್ತಿತ್ತು. ಪ್ರತಿ ವಾರ, ಅದೇ ಕಡೆ. ಸುಳ್ಳು ಹೇಳುವುದಕ್ಕಿಂತ ಕೆಮ್ಮುವುದು ಮೇಲು ಎಂದು ಅವನು ತನ್ನ ದೇವರಿಗೆ ಸಮಜಾಯಿಷಿ ಹೇಳಿಕೊಂಡಿದ್ದ.

"ಏನಂತೆ ಮನೇಲಿ?" ಬೆನ್ನ ಹಿಂದಿನಿಂದ ಮಸಾವೆ ಕೇಳಿದ. ಅಡುಗೆಯವನು. ಗಿಡ್ಡ, ಅಗಲ ಎದೆಯ ಮನುಷ್ಯ, ಅಮಿನಿಯೇಲನ ಜೊತೆ ಕಿಬೋ ಹತ್ತಿಳಿದೇ ಮುದುಕನಾಗುತ್ತಿದ್ದವನು. ಕೈಯಲ್ಲಿ ಗಂಜಿಯ ಲೋಟ ಹಿಡಿದಿದ್ದ. ಅಮಿನಿಯೇಲ್ ಹೇಳಿದ. ಮೋರಾ ಅಮ್ಮನಿಗೆ ತಿಳಿಯದಂತೆ ತಮ್ಮ ಭಾಷೆಯಲ್ಲಿ ಹೇಳಿದ.

"ಓಡು ಮತ್ತೆ," ಎಂದ ಮಸಾವೆ. "ನಿಂತ್ಕೊಂಡು ನನ್ನ ಮುಖ ನೋಡ್ತೀಯಲ್ಲ. ನಿನ್ನ ಕಾಲಿಗೆ ಊಟದ ಹೊತ್ತು ಮೀರೋದ್ರೊಳಗೆ ಗೇಟು ಸಿಗುತ್ತೆ."

"ಅಮ್ಮನ್ನ ಯಾರು ಇಳಿಸ್ತಾರೆ? ಲೆಮಾ ಇಲ್ಲ."

ಇನ್ನೊಬ್ಬ ಗೈಡು ಲೆಮಾ, ಉಸಿರು ಕಟ್ಟಿದ ಮತ್ತೊಬ್ಬ ಅತಿಥಿಯನ್ನು ಒಂಟಿ ಚಕ್ರದ ಸ್ಟ್ರೆಚರಿನಲ್ಲಿ ಮಲಗಿಸಿಕೊಂಡು ಬೆಳಗಾಗುವ ಮೊದಲೇ ಇಳಿದುಹೋಗಿದ್ದ.

"ನಾನಿಲ್ವಾ?"

"ನೀನು ಅಡುಗೆಯವನು."

"ಹೌದಪ್ಪಾ, ಅಡುಗೆಯವನು. ದಾರಿ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಸೌಟು ಹಿಡ್ಕೊಂಡು ಹಾರ್ಕೊಂಡು ಬರ್ತಿದ್ದೆ!"

"ಗೈಡಿಲ್ಲದೆ ಅತಿಥಿ ಒಂದು ಹೆಜ್ಜೆ ಇಡೋ ಹಾಗಿಲ್ಲ. ಮಂಡಿ ನೋಡು ಅವರದು. ಕೆಳಗೆ ಕೆಸರು. ಏನಾದ್ರೂ ಆದ್ರೆ?"

"ಹಾಗಾದ್ರೆ ಅವರಿಗೇ ಹೇಳು. ಒಳ್ಳೆ ಹೆಂಗಸು. ಹೋಗು ಅಂತಾರೆ."

"ನಮ್ಮ ಮನೆ ಹೊರೆ ಅತಿಥಿ ತಲೆ ಮೇಲೆ ಹೊರಿಸೋದಾ? ನೀನೂ ಬಾಯಿ ಬಿಡಬೇಡ."

ಮಸಾವೆ ಗಂಜಿಯ ಲೋಟವನ್ನು ಅವನ ಕೈಗೆ ತುರುಕಿದ. "ನಿನ್ನ ನ್ಯಾಯ ಯಾವಾಗ್ಲೂ ನೆಟ್ಟಗಿರುತ್ತೆ ಅಮಿನಿಯೇಲ್. ಅದಕ್ಕೇ ನಿನ್ನ ಹತ್ರ ಯಾರೂ ಕೂರಲ್ಲ."

ಬರಾಫು ಬಿಟ್ಟು ಇಳಿದರು. ಮುಂದೆ ಅಮಿನಿಯೇಲ್, ಅವನ ಹೆಗಲ ಮೇಲೆ ಕೈಯಿಟ್ಟು ಮೋರಾ ಅಮ್ಮ, ಹಿಂದೆ ಮಸಾವೆ. ಹೊರೆಯಾಳುಗಳು ಬುಟ್ಟಿ, ಡೇರೆ, ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಪಕ್ಕದಿಂದ ದಾಟಿಹೋದರು. "ಏನು ಬಾಬಾ, ಮದುವೆ ಮೆರವಣಿಗೆ ನಡೀತಾ ಇದೆ!" ಎಂದು ಒಬ್ಬ ಕೂಗಿದ. ಬೇರೆ ದಿನವಾಗಿದ್ದರೆ ಅಮಿನಿಯೇಲ್ ತಿರುಗಿ ಒಂದು ಮಾತು ಎಸೆಯುತ್ತಿದ್ದ, ಇಂದು ಕಲ್ಲು ನೋಡುತ್ತ ನಡೆದ. ಕೂಗಿದವನು ಹಿಂತಿರುಗಿ ನೋಡಿಕೊಂಡು ಹೋದ.

ಬೆಟ್ಟದ ಮೇಲೆ ಅವನು ಬಾಯಿ ತೆರೆದರೆ ಬರುತ್ತಿದ್ದ ಮಾತು 'ನಿಧಾನ, ನಿಧಾನ'. ಸಾವಿರಾರು ಜನಕ್ಕೆ ಅದನ್ನೇ ಹೇಳಿ ಹತ್ತಿಸಿದ್ದ, ಅದನ್ನೇ ಹೇಳಿ ಇಳಿಸಿದ್ದ. ಇಂದು ಅದು ಬಾಯಿಗೆ ಬರಲಿಲ್ಲ. ಬೇಗ ಎನ್ನುವ ಮಾತೂ ಬರಲಿಲ್ಲ. ಸುಮ್ಮನೆ ಕಲ್ಲು ನೋಡಿ, "ಇಲ್ಲಿ. ಈಗ ಇಲ್ಲಿ," ಎಂದಷ್ಟೇ ಹೇಳುತ್ತಿದ್ದ. ಮೋರಾ ಅಮ್ಮ ಪ್ರತಿ ಕಲ್ಲಿನ ಮುಂದೆ ನಿಂತು, ಊರುಗೋಲು ಎರಡನ್ನೂ ಕೆಳಗೆ ಊರಿ, ಕೆಟ್ಟ ಕಾಲನ್ನು ಮೊದಲು ಇಳಿಸಿ, ಆಮೇಲೆ ಒಳ್ಳೆಯ ಕಾಲನ್ನು ಅದರ ಪಕ್ಕಕ್ಕೆ ತರುತ್ತಿದ್ದರು.

ಬೋಳು ಕಲ್ಲು ಮುಗಿದು ಕುರುಚಲು ಗಿಡ ಶುರುವಾಯಿತು. ಕೆಳಗಿನಿಂದ ಮೋಡ ಎದ್ದು ಬಂದು ದಾರಿ ತುಂಬಿತು. ಅಮಿನಿಯೇಲ್ ಎದೆಜೇಬು ಮುಟ್ಟಿ ನೋಡಿಕೊಂಡ. ನಡೆಯುತ್ತ ನಡೆಯುತ್ತ ಅವನಿಗೆ ಒಂದು ಸಂಶಯ ಹುಟ್ಟಿತು. ಈ ಹೆಂಗಸಿನ ಮಂಡಿ ನಿಜಕ್ಕೂ ಅವನನ್ನು ಹಿಡಿದಿಟ್ಟಿದೆಯೇ? ತಮ್ಮನ ಮಗಳ ಮದುವೆಯ ದಿನ ಅವನು ಬೆಟ್ಟದ ಮೇಲಿದ್ದ. ತಮ್ಮನ ಹೊಸ ಮನೆಗೆ ಪಾದ್ರಿ ಬಂದು ಹರಸಿದ ದಿನವೂ ಬೆಟ್ಟದ ಮೇಲಿದ್ದ. ಯಾರೂ ತಪ್ಪು ಹಿಡಿಯಲಿಲ್ಲ. ಅತಿಥಿಗಳಿದ್ದರು, ಪಾಪ, ಅವನೇನು ಮಾಡಿಯಾನು ಎಂದರು. ಬೆಟ್ಟ ಅವನ ಮಾನ ಕಾಪಾಡುತ್ತ ಬಂದಿತ್ತು. ಈಗಲೂ ಕಾಲು ತಾನೇ ನಿಧಾನವಾಗುತ್ತಿದೆಯೋ ಏನೋ. ಕರ್ತನೇ, ನನ್ನ ಕಾಲಿನ ಮನಸ್ಸು ನಿನಗೇ ಗೊತ್ತು, ಎಂದುಕೊಂಡ.

"ಏನು ಅಮಿನಿ, ಮಾತೇ ಇಲ್ಲ?" ಎಂದರು ಮೋರಾ ಅಮ್ಮ. "ನನ್ನ ಮೇಲೆ ಬೇಜಾರಾ?"

"ಇಲ್ಲ ಅಮ್ಮ. ಕಲ್ಲು ನೋಡಿ."

"ಕಲ್ಲು ನೋಡೀ ನೋಡೀ ಕಣ್ಣೂ ಕಲ್ಲಾಯ್ತು. ನನ್ನ ಗಂಡ ಹೇಳ್ತಿದ್ದ, ಮೋರಾ, ನೀನು ಮೆಟ್ಟಿಲು ಇಳಿಯೋದು ನೋಡಿದ್ರೆ ಹಸು ಇಳಿದ ಹಾಗಿರುತ್ತೆ ಅಂತ."

ಹಿಂದಿನಿಂದ ಮಸಾವೆ, "ನಮ್ಮೂರಲ್ಲಿ ಹೆಂಗಸಿಗೆ ಹಸು ಅಂದ್ರೆ ಹೊಗಳಿಕೆ ಅಮ್ಮ. ಹಾಲು ಕೊಡುತ್ತೆ, ಎದುರು ಮಾತಾಡಲ್ಲ," ಎಂದ.

"ಹಾಗಾದ್ರೆ ನಾನು ಹಸು ಅಲ್ಲ," ಎಂದು ಅವರು ನಕ್ಕರು. ನಗುತ್ತಲೇ ಕಾಲು ಜಾರಿ ಅಮಿನಿಯೇಲನ ಬೆನ್ನಿಗೆ ಬಿದ್ದರು. ಅವನು ತಡೆದ. ಅವರ ಭಾರ ಬಿದ್ದಾಗ ಜೇಬಿನೊಳಗೆ ಏನೋ ಚಿಟ್ಟೆಂದಿತು. ಕೈಹಾಕಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಮ್ವೆಕಾ ಬಿಡಾರ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಹೊರೆಯಾಳುಗಳು ಡೇರೆ ಹಾಕಿ ಮುಗಿಸಿದ್ದರು. ಇಂದು ರಾತ್ರಿ ಅಲ್ಲಿ ತಂಗಿ ನಾಳೆ ಕಾಡು ಇಳಿಯುವುದು ವಾಡಿಕೆ. ಮೋರಾ ಅಮ್ಮ ಕುರ್ಚಿಯಲ್ಲಿ ಕುಳಿತು, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು, "ದೇವರೇ, ಇಲ್ಲಿಂದ ನನ್ನನ್ನ ಯಾರೂ ಏಳಿಸಬೇಡಿ," ಎಂದರು. ಅಮಿನಿಯೇಲ್ ಸ್ವಲ್ಪ ದೂರದಲ್ಲಿ ಫೋನನ್ನು ಮೇಲೆತ್ತಿ ಹಿಡಿದು ಸುತ್ತುತ್ತಿದ್ದ. ಇಲ್ಲಿ ಮರಗಳ ನಡುವೆ ದನಿ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಸುತ್ತುತ್ತಿದ್ದ.

ಮಸಾವೆ ಚಹಾ ತಂದು ಮೋರಾ ಅಮ್ಮನ ಮುಂದಿಟ್ಟ. ಇಟ್ಟು ಹೋಗಲಿಲ್ಲ.

"ಅಮ್ಮ, ಅವನ ತಮ್ಮ ಸಾಯ್ತಾ ಇದಾನೆ."

"ಯಾರ ತಮ್ಮ?"

"ಅಮಿನಿಯೇಲನ ತಮ್ಮ. ಬೆಳಿಗ್ಗೆ ಫೋನು ಬಂತಲ್ಲ, ನಿಮ್ಮ ಬೂಟು ಬಿಚ್ಚಿದಾಗ. ಊರು ಗೇಟಿನ ಕೆಳಗೇ ಇದೆ. ನಿಮ್ಮನ್ನ ಬಿಟ್ಟು ಹೋಗಲ್ಲ ಅಂತಾನೆ. ಹೇಳಬೇಡ ಅಂದಿದ್ದ. ನಾನು ಹೇಳಿದೆ."

ಮೋರಾ ಅಮ್ಮ ಬೋಗುಣಿಯಿಂದ ಕಾಲು ತೆಗೆದರು. ಒದ್ದೆ ಕಾಲಿನಲ್ಲೇ ಹುಲ್ಲಿನ ಮೇಲೆ ಕುಂಟಿಕೊಂಡು ಅಮಿನಿಯೇಲನ ಹತ್ತಿರ ಹೋದರು. ಅವರ ಮುಖ ಕೆಂಪಾಗಿತ್ತು.

"ನನ್ನನ್ನ ಏನು ಅನ್ಕೊಂಡಿದೀಯ ನೀನು? ಬೆಳಿಗ್ಗೆಯಿಂದ ನಾನು ಹಸು ಕತೆ ಹೇಳ್ಕೊಂಡು ಬಂದೆ! ನಿಂತು ಫೋಟೋ ತೆಗೆದೆ, ಹೂವಿನ ಹೆಸರು ಕೇಳಿದೆ. ನೀನು ಕಲ್ಲು ತೋರಿಸ್ಕೊಂಡು ಬಂದೆ! ಹೋಗು. ಈಗಲೇ ಹೋಗು."

"ನಿಮ್ಮನ್ನ ಗೇಟಿಗೆ ಮುಟ್ಟಿಸದೆ ಹೋಗೋ ಹಾಗಿಲ್ಲ ಅಮ್ಮ."

"ಯಾರ ಅಪ್ಪಣೆ ಅದು?"

"ನಂದೇ."

ಅವರು ಅವನ ಮುಖವನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ನನ್ನ ಗಂಡ ಸಾಯುವಾಗ ನಾನು ಕೌಂಟರಿನ ಹಿಂದೆ ಕೂತು ಅಂಚೆಚೀಟಿ ಮಾರ್ತಿದ್ದೆ, ಅಮಿನಿ," ಎಂದರು. "ಬಾಗಿಲು ಹಾಕೋ ಹೊತ್ತಿಗೆ ಹೋದ್ರಾಯ್ತು ಅನ್ಕೊಂಡೆ." ಮಸಾವೆಯ ಕಡೆ ತಿರುಗಿದರು. "ನನ್ನ ಬೂಟು ಕೊಡು. ಇವತ್ತೇ ಇಳಿಯೋಣ. ಇವನು ಬಿಟ್ಟು ಹೋಗಲ್ಲ ಅಂದ್ರೆ ನಾನೇ ಬರ್ತೀನಿ."

"ಬೂಟು ಬೇಡ ಅಮ್ಮ," ಎಂದು ಮಸಾವೆ ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆನ್ನು ಕೊಟ್ಟ. "ಹತ್ತಿ."

"ಹುಚ್ಚಾ ನಿನಗೆ? ನಾನೆಷ್ಟು ಭಾರ ಇದೀನಿ ಗೊತ್ತಾ?"

"ನಿಮ್ಮ ಆಲೂಗಡ್ಡೆ ಮೂಟೆ ಹೊತ್ತು ಹತ್ತಿದವನು ನಾನು. ಅದನ್ನೆಲ್ಲ ನೀವು ತಿಂದಿದ್ದೀರಿ. ಲೆಕ್ಕಕ್ಕೆ ಭಾರ ಅಷ್ಟೇ."

ಮೊದಲು ಮಸಾವೆ ಹೊತ್ತ. ಆಮೇಲೆ ಇಬ್ಬರು ಹೊರೆಯಾಳುಗಳು ಸರದಿ ಹೊತ್ತರು. ಒಂದು ಹಳೆಯ ಹೊದಿಕೆಯನ್ನು ಅವರ ಸೊಂಟದ ಸುತ್ತ ಬಿಗಿದು, ಕೂಸನ್ನು ಬೆನ್ನಿಗೆ ಕಟ್ಟುವಂತೆ ಕಟ್ಟಿದ್ದರು. ಕಾಡಿನ ದಾರಿ ಕೆಸರಾಗಿತ್ತು. ಮರದ ತುಂಡು ಅಡ್ಡ ಹಾಕಿ ಮಾಡಿದ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿತ್ತು. ಹೊತ್ತವನು ಜಾರಿದಾಗ ಉಳಿದವರು ಹೋ ಎಂದು ಕೂಗಿ ಹಿಡಿಯುತ್ತಿದ್ದರು. "ಮೆಲ್ಲಗೆ ಕಣೋ, ಇದು ಮೊಟ್ಟೆ ಬುಟ್ಟಿ!" "ಅಮ್ಮಾ, ಕುತ್ತಿಗೆ ಬಿಡಿ, ನಾನು ಸತ್ತರೆ ನೀವು ನಡೀಬೇಕಾಗುತ್ತೆ!" ಮೋರಾ ಅಮ್ಮ ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು.

ಅಮಿನಿಯೇಲ್ ಮುಂದೆ ದಾರಿ ತೋರುತ್ತ ಬಹುಮಟ್ಟಿಗೆ ಓಡುತ್ತಿದ್ದ. ಈಗ ಕಾಲಿನ ಮೇಲೆ ಸಂಶಯವಿರಲಿಲ್ಲ. ದೊಡ್ಡ ಕರ್ಪೂರದ ಮರದ ಬುಡಕ್ಕೆ ಬಂದಾಗ ಒಂದು ಗಳಿಗೆ ನಿಂತ. ಅವನು ಸಣ್ಣವನಾಗಿದ್ದಾಗ ಹಸುವಿಗೆ ಹುಲ್ಲು ಕೊಯ್ಯಲು ಅಣ್ಣ ತಮ್ಮ ಇಲ್ಲಿಯವರೆಗೂ ಬರುತ್ತಿದ್ದರು. ಒಮ್ಮೆ ಎಲಿಂಗಾಯ ಕುಡುಗೋಲನ್ನು ಪಾದಕ್ಕೆ ಹೊಡೆದುಕೊಂಡ. ಅಮಿನಿಯೇಲ್ ಎರಡು ಹೊರೆ ಹುಲ್ಲನ್ನೂ ಇಲ್ಲೇ ಬಿಟ್ಟು, ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಇದೇ ದಾರಿಯಲ್ಲಿ ಇಳಿದಿದ್ದ. ಹುಲ್ಲು ಬಿಟ್ಟು ಬಂದದ್ದಕ್ಕೆ ಅಪ್ಪ ಬೈಯುತ್ತಾನೆಂದು ತಮ್ಮ ದಾರಿಯುದ್ದಕ್ಕೂ ಕಿವಿಯ ಹತ್ತಿರ ಹೇಳುತ್ತಿದ್ದ: "ನಾನೇ ಬಿಡು ಅಂದೆ ಅಂತ ಹೇಳ್ತೀನಿ ಅಣ್ಣ. ನಿನಗೆ ಹೊಡೆಯೋಕೆ ಬಿಡಲ್ಲ." ಅವನ ಉಸಿರು ಬೆಚ್ಚಗೆ ಕುತ್ತಿಗೆಗೆ ತಾಗುತ್ತಿತ್ತು.

ಕೆಳಗಿನಿಂದ ಚರ್ಚಿನ ಸಂಜೆಯ ಗಂಟೆ ಕೇಳಿಸಿತು. ಗಂಟೆ ಕೇಳಿಸಿದರೆ ಊರು ಬಂತೆಂದು ಅರ್ಥ. ಅಮಿನಿಯೇಲ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಇಳಿದ.

ಗೇಟಿನಲ್ಲಿ ಮಾಮೂಲಿನಂತೆ ಹಾಡು, ಕುಣಿತ, ಪ್ರಮಾಣಪತ್ರ ಕೊಡುವುದು ಯಾವುದೂ ನಡೆಯಲಿಲ್ಲ. ಮೋರಾ ಅಮ್ಮ ಹೊರೆಯಾಳಿನ ಬೆನ್ನಿನಿಂದ ಇಳಿದು, ತಮ್ಮ ಎರಡು ಊರುಗೋಲುಗಳನ್ನೂ ಅವನ ಕಡೆ ಬೀಸಿ, "ಮುಟ್ಟಿಸಿದ್ದಾಯ್ತು. ಹೋಗು!" ಎಂದರು. ಅವನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿ ಓಡಿದ.

ರಸ್ತೆ ಬಿಟ್ಟು ಕಾಲುವೆಯ ಪಕ್ಕದ ಒಳದಾರಿ ಹಿಡಿದ. ಬಾಳೆಯ ನೆರಳಿನಲ್ಲಿ ಆಗಲೇ ಮಬ್ಬು ಕವಿದಿತ್ತು. ತನ್ನ ತೋಟದ ಮೇಲ್ಗಡೆಯಿಂದ ಒಳನುಗ್ಗಿ, ತಮ್ಮನ ಮನೆಗೆ ಹತ್ತಿರವೆಂದು, ಹನ್ನೊಂದು ವರ್ಷದಿಂದ ದಾಟದ ಎಲ್ಲೆಯ ಕಡೆಗೆ ನಡೆದ. ಸಾಲು ಎಲ್ಲಿದೆಯೆಂದು ಅವನ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಸಾಲು ಇರಲಿಲ್ಲ. ಹೊಸದಾಗಿ ಮುಚ್ಚಿದ ಗುಂಡಿಗಳ ಮಣ್ಣು ಕಾಲಿಗೆ ಮೆತ್ತಗೆ ಸಿಕ್ಕಿತು. ಎರಡು ಮಾರು ಆಚೆ, ಬೆಣ್ಣೆಹಣ್ಣಿನ ಮರದ ಆಚೆ, ಅಪ್ಪನ ಕಾಲದ ಜಾಗದಲ್ಲಿ ಇಸಾಲೆಗಳು ನಿಂತಿದ್ದವು. ಬೇರು ಕಿತ್ತ ಗಿಡಗಳಾದ್ದರಿಂದ ಎಲೆಗಳು ಜೋತುಬಿದ್ದಿದ್ದವು. ಪ್ರತಿಯೊಂದರ ಬುಡದಲ್ಲೂ ನೀರು ಹಾಕಿದ ಗುರುತಿತ್ತು. ಸಾಲು ಕೊನೆಯವರೆಗೆ ಹೋಗಿರಲಿಲ್ಲ. ತುದಿಯಲ್ಲಿ ಒಂದು ಗುಂಡಿ ಅರ್ಧ ತೋಡಿ ಬಿಟ್ಟಿತ್ತು. ಅದರೊಳಗೆ ಗುದ್ದಲಿ ನಿಂತೇ ಇತ್ತು. ಪಕ್ಕದಲ್ಲಿ ನಾಲ್ಕಾರು ಇಸಾಲೆಗಳು ಮಣ್ಣಿನ ಮೇಲೆ ಮಲಗಿದ್ದವು.

ಅಮಿನಿಯೇಲ್ ಅಲ್ಲಿ ನಿಂತುಬಿಟ್ಟ. ಆಗಲೇ ಅವನಿಗೆ ಅಂಗಳದ ಬೆಂಕಿಯ ಬೆಳಕು ಕಾಣಿಸಿತು. ಬೆಂಕಿಯ ಸುತ್ತ ಗಂಡಸರು ಕುಳಿತಿದ್ದರು. ಹೆಂಗಸರು ನೆರೆಮನೆಗಳಿಂದ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಒಬ್ಬಾಕೆ ಅವನನ್ನು ಕಂಡು, ಕುರ್ಚಿ ಇಳಿಸಿ, ಮುಖ ತಗ್ಗಿಸಿ ನಿಂತಳು.

ಐಕಾ ಬಾಗಿಲಿನಿಂದ ಹೊರಗೆ ಬಂದಳು. ಅತ್ತು ಮುಗಿಸಿದವಳಂತೆ ಇದ್ದಳು.

"ಗಂಟೆ ಹೊಡೆಯೋ ಸ್ವಲ್ಪ ಮುಂಚೆ," ಎಂದಳು.

ಅವನು ಮೆಟ್ಟಿಲ ಮೇಲೆ ಕುಳಿತ. ಅವನ ಬೂಟುಗಳಿಂದ ಕೆಸರು ಸೋರಿ ಸಿಮೆಂಟಿನ ಮೇಲೆ ಹರಿಯಿತು.

"ನೀನು ಫೋನಿನಲ್ಲಿ ಬರ್ತಾ ಇದೀನಿ ಅಂದ್ಯಲ್ಲ," ಎಂದಳು ಐಕಾ. "ಕೇಳಿಸಿಕೊಂಡ. ಕೂರಿಸಿ ಅಂದ. ಮಲ್ಕೋ ಅಂದ್ರೂ ಕೇಳಲಿಲ್ಲ. ದಿಂಬು ಒತ್ತಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿದ್ವಿ. ಅಣ್ಣನ ಕಾಲು ಜೋರು, ಊಟದ ಹೊತ್ತಿಗೆ ಬಂದುಬಿಡ್ತಾನೆ ಅಂದ. ಊಟದ ಹೊತ್ತಾಯ್ತು. ಆಮೇಲೆ ಏನೂ ಹೇಳಲಿಲ್ಲ."

"ಸಾಲು," ಎಂದ ಅಮಿನಿಯೇಲ್.

"ನೋಡಿದ್ಯಾ? ನೀನು ವ್ಯಾನಿಂದ ಇಳಿಯದೆ ಹೋದೆ ಅಂತ ಹೇಳಿದೆ. ನಾನು ಹೇಳಬಾರದಿತ್ತು. ಬರೀ ಎಲೆ ಸಾಲದು ಕಣೇ ಅವನಿಗೆ, ಅಂದ. ಗುದ್ದಲಿ ತಗೊಂಡ. ನಿಲ್ಲೋಕೇ ಆಗ್ತಿರಲಿಲ್ಲ ಅಣ್ಣ. ಮಂಡಿ ಊರಿ ತೋಡಿದ. ಬೇಡ ಅಂದ್ರೆ ನನ್ನ ಮೇಲೇ ರೇಗ್ತಿದ್ದ. ನಿನ್ನೆ ಆ ಕೊನೇ ಗುಂಡೀಲಿ ಕವುಚಿಬಿದ್ದ, ಎತ್ಕೊಂಡು ಬಂದ್ವಿ."

ಒಳಗೆ ದೀಪ ಹಚ್ಚಿದ್ದರು. ಎಲಿಂಗಾಯನನ್ನು ತೊಳೆದು, ಚರ್ಚಿಗೆ ಹೋಗುವ ಬಿಳಿ ಅಂಗಿ ತೊಡಿಸಿ ಮಲಗಿಸಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯ ಕೆಂಪು ಮಣ್ಣು ಹೋಗಿರಲಿಲ್ಲ. ಬಲಪಾದದ ಮೇಲೆ ಕುಡುಗೋಲಿನ ಹಳೆಯ ಗಾಯದ ಗೆರೆ ಇನ್ನೂ ಇತ್ತು. ಅಮಿನಿಯೇಲ್ ಹಾಸಿಗೆಯ ಪಕ್ಕದ ಮಣೆಯ ಮೇಲೆ ಕುಳಿತ. ಎದೆಜೇಬಿಗೆ ಕೈಹಾಕಿ ಎಲೆ ತೆಗೆದ.

ಹಸಿರಾಗಿ ಬೆಟ್ಟ ಹತ್ತಿದ ಎಲೆ ಅದು. ಶಿಖರದ ಚಳಿಗೆ ಕಪ್ಪಾಗಿ, ಒಣಗಿ, ಚಪ್ಪಟೆಯಾಗಿತ್ತು. ಒಂದು ತುದಿ ಮುರಿದು ಜೇಬಿನೊಳಗೆ ಪುಡಿಯಾಗಿ ಉಳಿದಿತ್ತು. ಗಂಟು ಮಾತ್ರ ಹಾಗೇ ಇತ್ತು. ಅವನು ಎರಡೂ ಹೆಬ್ಬೆರಳುಗಳನ್ನಿಟ್ಟು ಮೆಲ್ಲಗೆ ಒತ್ತಿದ. ಎಲೆ ಚಿಟ್ಟೆಂದಿತು. ಕೈ ತೆಗೆದ.

"ಎಳೀಬೇಡ, ಮುರೀತದೆ," ಎಂದಳು ಐಕಾ. ಹೊರಗೆ ಹೋಗಿ ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಅವನ ಮೊಣಕಾಲಿನ ಹತ್ತಿರ ಇಟ್ಟಳು. ಅಮಿನಿಯೇಲ್ ಎಲೆಯನ್ನು ಅದರಲ್ಲಿ ಇಳಿಬಿಟ್ಟ. ಅದು ಮುಳುಗಲಿಲ್ಲ, ಮೇಲೆ ತೇಲಿತು. ಅವನು ಒಂದು ಬೆರಳಿನಿಂದ ಅದನ್ನು ನೀರೊಳಗೆ ಒತ್ತಿ ಹಿಡಿದ.

ಅಂಗಳದಲ್ಲಿ ಪಾದ್ರಿಯ ದನಿ ಎದ್ದಿತು. ಕುಳಿತವರೆಲ್ಲ ಏಳುವಾಗ ಕುರ್ಚಿಗಳ ಸದ್ದಾಯಿತು. ಕರ್ತನು ಕಲಿಸಿದ ಪ್ರಾರ್ಥನೆ ಶುರುವಾಯಿತು. ಗಂಡಸರ ದನಿ, ಹೆಂಗಸರ ದನಿ, ಅವುಗಳ ನಡುವೆ ಗೇಟಿನಿಂದ ನಡೆದು ಬಂದಿರಬೇಕಾದ ಮಸಾವೆಯ ಒರಟು ದನಿ. ಅಮಿನಿಯೇಲನ ತುಟಿಗಳು ಅವರೊಂದಿಗೆ ಅಲ್ಲಾಡಿದವು. ಆ ಮಾತು ಬರುವ ಕಡೆ ಬಂತು. ಕೆಮ್ಮು ಬರಲಿಲ್ಲ. ಎಲ್ಲರೂ ಅದನ್ನು ಹೇಳಿ ಮುಂದೆ ಹೋದರು. ಅವನು ಆ ಮಾತಿನಲ್ಲೇ ಉಳಿದು, ದನಿಯಿಲ್ಲದೆ, ಅದನ್ನೇ ಮತ್ತೊಮ್ಮೆ ಹೇಳಿದ, ಇನ್ನೊಮ್ಮೆ ಹೇಳಿದ.

ಬಟ್ಟಲಿನ ನೀರು ಚಹಾದಂತೆ ಕಂದಾಗಿತ್ತು. ಗಂಟಿನೊಳಗಿಂದ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ಅವನು ಬೆರಳಿನಿಂದ ಮುಟ್ಟಿ ನೋಡಿದ. ಇನ್ನೂ ಮೆತ್ತಗಾಗಿರಲಿಲ್ಲ. ತಮ್ಮನ ಮುಖ ಬಾಗಿಲ ಕಡೆಗೆ ಹೊರಳಿದಂತೆಯೇ ಇತ್ತು. ಅಮಿನಿಯೇಲ್ ಮಣೆಯನ್ನು ಎತ್ತಿ ಆ ಪಕ್ಕಕ್ಕೆ, ಆ ಮುಖಕ್ಕೆ ಎದುರಾಗಿ ಇಟ್ಟುಕೊಂಡು, ಬಟ್ಟಲನ್ನು ಮಡಿಲಿನಲ್ಲಿ ಹಿಡಿದು, ಎಲೆ ನೆನೆಯಲೆಂದು ಕಾಯುತ್ತ ಕುಳಿತ.